ಆ ರಾತ್ರಿ ಛತ್ರದಲ್ಲಿ ಯಾರಿದ್ದರು?

ಲೂಕ 10ನೇ ಅಧ್ಯಾಯ, 34, 35ನೇ ವಚನ ತೆಗೀರಿ. ಗಾಯಗೊಂಡವನನ್ನ ಸಮಾರ್ಯದವನು ಛತ್ರಕ್ಕೆ ಕರ್ಕೊಂಡು ಹೋದ, ಎರಡು ದಿನಾರಿ ಕೊಟ್ಟ, ಅಂದ್ರೆ ಆಗಿನ ಎರಡು ದಿನದ ಕೂಲಿ. ಇಷ್ಟು ಸಂಡೇ ಸ್ಕೂಲ್ ಮಕ್ಕಳಿಗೂ ಗೊತ್ತು. ಆದ್ರೆ ಕೊಟ್ಟಿದ್ದು ಯಾವಾಗ? ಮರುದಿನ. ರಾತ್ರಿಯೆಲ್ಲಾ ಅವನೂ ಅಲ್ಲೇ ಇದ್ದ! ಹಲ್ಲೆಲೂಯ.

ನಾವು ಇಂಟರ್‌ವ್ಯೂಗೆ ಅಂತ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್ ಹತ್ರ ಲಾಡ್ಜಲ್ಲಿ ಒಂದು ರಾತ್ರಿ ಇದ್ರೆ ಸಾಕು, ಕಿಟಕಿ ಇಲ್ಲ, ಬಿಸಿನೀರು ಇಲ್ಲ ಅಂತ ಸ್ಟೇಟಸ್ ಹಾಕ್ತೀವಿ. ನಾನೂ ಹಾಕಿದ್ದೀನಿ. ನಮ್ಮ ಸಭೆಯ ಒಬ್ಬ ಅಮ್ಮ, ಚಿಂತಾಮಣಿಯವರು, ಗಂಡನಿಗೆ ಕಿದ್ವಾಯಿ ಆಸ್ಪತ್ರೆಯಲ್ಲಿ ಕರೆಂಟ್ ಕೊಡಿಸ್ತಿದ್ದಾರೆ, ವಾರಕ್ಕೆ ಐದು ದಿನ. ದಿನಾ ಬಸ್ಸಲ್ಲಿ ಹೋಗಿಬರೋ ಶಕ್ತಿ ಆ ಅಯ್ಯನಿಗಿಲ್ಲ. ಅದಕ್ಕೆ ಲಾಡ್ಜಲ್ಲಿ ಸಣ್ಣ ರೂಮ್ ಹಿಡಿದಿದ್ದಾರೆ. ಬಾಡಿಗೆಗೆ ನೀವೆಲ್ಲಾ ಕೊಟ್ರಿ, ದೇವರಿಗೆ ಸ್ತೋತ್ರ.

ಮೊನ್ನೆ ಫೋನಲ್ಲಿ ಅವರು ಕೇಳಿದ್ದು ದುಡ್ಡಲ್ಲ. "ಪಾಸ್ಟರೇ, ರಾತ್ರಿ ಇವರು ನರಳ್ತಾರೆ. ಮಾತ್ರೆ ತರೋಕೆ ಇವರನ್ನ ಒಬ್ಬರನ್ನೇ ಬಿಟ್ಟು ಹೋಗ್ಬೇಕು, ಭಯ ಆಗುತ್ತೆ" ಅಂದ್ರು.

ನನ್ನ ಬಾಯಿ ಕಟ್ಟಿಹೋಯ್ತು. ಫೋನ್ ಪೇ ಮಾಡಿ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಇನ್ನೂ ಎರಡು ವಾರ ಇದೆ. ಮಂಗಳವಾರ ರಾತ್ರಿ ನಾನಿರ್ತೀನಿ. ಬೆಂಗಳೂರಲ್ಲಿ ಕೆಲಸ ಮಾಡೋ ತಮ್ಮಂದಿರೇ, ಬುಧವಾರ ಯಾರು? ಆರಾಧನೆ ಮುಗಿದ ಮೇಲೆ ಹೆಸರು ಕೊಟ್ಟು ಹೋಗಿ.