ಮಾಡದೆ ಉಳಿದ ಆರೈಕೆ ಯಾರ ಪಾಪ?

ಪಾಪನಿವೇದನೆಗೆ ಸಿದ್ಧರಾಗುವಾಗ ನಾವು ಮಾಡಿದ ತಪ್ಪುಗಳು ಬೇಗ ನೆನಪಿಗೆ ಬರುತ್ತವೆ. ಮಾಡಬೇಕಾಗಿದ್ದೂ ಮಾಡದೆ ಬಿಟ್ಟದ್ದು ಅಷ್ಟು ಸುಲಭವಾಗಿ ನೆನಪಾಗುವುದಿಲ್ಲ. ಬೈದ ಮಾತು ಕಿವಿಯಲ್ಲಿ ಉಳಿಯುತ್ತದೆ, ಆಡದೆ ಹೋದ ಸಾಂತ್ವನದ ಮಾತಿಗೆ ಸದ್ದೇ ಇಲ್ಲ. ಆದರೆ ಈ ಎರಡನೆಯ ಬಗೆಯ ತಪ್ಪನ್ನೇ ಮನೆಗೆ ಹೊತ್ತು ತಂದು ನಿದ್ದೆಗೆಡುವವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಅವರು ನರ್ಸುಗಳು, ಅದರಲ್ಲೂ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ದುಡಿಯುವವರು.

ಈ ಘಟಕವನ್ನು ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಗಾಜಿನಾಚೆಯಿಂದ. ದಿನ ತುಂಬದೆ ಹುಟ್ಟಿ, ಒಂದು ಒಂದೂವರೆ ಕಿಲೋ ತೂಗುವ ಕೂಸುಗಳು. ಎರಡು ಮೂರು ಗಂಟೆಗೊಮ್ಮೆ ಕೊಳವೆಯ ಮೂಲಕ ಹಾಲು ಕೊಡಬೇಕು. ಮೈಯ ಬಿಸಿ ನೋಡಬೇಕು, ಮಗ್ಗುಲು ಬದಲಿಸಬೇಕು. ಆಮ್ಲಜನಕ ಅಳೆಯಲು ಪಾದಕ್ಕೆ ಸುತ್ತಿದ ಪಟ್ಟಿಯನ್ನು ಆಗಾಗ ಬೇರೆ ಕಡೆಗೆ ಸರಿಸಬೇಕು, ಇಲ್ಲವಾದರೆ ಆ ತೆಳು ಚರ್ಮ ಗಾಯವಾಗುತ್ತದೆ. ಡ್ರಿಪ್ಪಿನ ಸೂಜಿ ಇರುವಲ್ಲಿ ಊದಿಕೊಂಡಿದೆಯೇ ಎಂದು ನೋಡುತ್ತಲೇ ಇರಬೇಕು. ಒಂದು ಕೂಸಿನಿಂದ ಇನ್ನೊಂದರ ಬಳಿಗೆ ಹೋಗುವ ಮುನ್ನ ಪ್ರತಿ ಸಲವೂ ಕೈ ತೊಳೆಯಬೇಕು. ಹೊರಗೆ ಕುಳಿತ ಬಾಣಂತಿಗೆ ಹಾಲು ಹಿಂಡುವುದನ್ನು ಕಲಿಸಬೇಕು, ಅವಳ ಕಣ್ಣೀರಿಗೂ ಎರಡು ಮಾತು ಹೇಳಬೇಕು.

ಸರ್ಕಾರಿ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಘಟಕಗಳಲ್ಲಿ ಪ್ರತಿ ಪಾಳಿಗೆ ಮೂರು ನಾಲ್ಕು ಶಿಶುಗಳಿಗೊಬ್ಬ ನರ್ಸ್ ಇರಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಉಸಿರಾಟದ ಯಂತ್ರದ ಮೇಲಿರುವ ಕೂಸಿಗೆ ಒಬ್ಬರೇ ಮೀಸಲಾಗಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಪಾಳಿಯಲ್ಲಿ ಒಬ್ಬರು ಜ್ವರವೆಂದು ಬಾರದಿದ್ದರೆ, ಅದೇ ಹೊತ್ತಿಗೆ ಅವಳಿ ಮಕ್ಕಳು ದಾಖಲಾದರೆ, ಈ ಲೆಕ್ಕ ತಲೆಕೆಳಗಾಗುತ್ತದೆ. ಕೂಸುಗಳು ಎಂಟು, ಕೈಗಳು ಎರಡು. ಏನೋ ಒಂದು ಉಳಿದೇ ಉಳಿಯುತ್ತದೆ.

ಹೀಗೆ ಉಳಿದುಹೋಗುವ ಆರೈಕೆಗೆ ಒಂದು ಹೆಸರು ಕೊಟ್ಟು ಮಾತನಾಡಲು ದಾರಿ ಮಾಡಿದವರು ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಬಿಯಾಟ್ರಿಸ್ ಕಲಿಶ್. 2006ರಲ್ಲಿ ಅವರು ದೊಡ್ಡವರ ವಾರ್ಡುಗಳ ನರ್ಸುಗಳನ್ನು ಗುಂಪುಗಳಲ್ಲಿ ಕೂರಿಸಿ ಮಾತನಾಡಿಸಿದರು. ಏನೇನು ಬಿಟ್ಟುಹೋಗುತ್ತದೆ, ಏಕೆ ಎಂದು ಕೇಳಿದರು. ಜನ ಸಾಲದು, ಸಮಯ ಸಾಲದು ಎಂಬ ಉತ್ತರ ನಿರೀಕ್ಷಿತವೇ. ಅದರ ಜೊತೆಗೆ ಇನ್ನೂ ಕೆಲವು ಕಾರಣಗಳು ಹೊರಬಂದವು: ‘ಅದು ನನ್ನ ಕೆಲಸವಲ್ಲ’ ಎನ್ನುವ ಭಾವನೆ, ಬಿಟ್ಟು ಬಿಟ್ಟು ಆದ ಅಭ್ಯಾಸ, ಮತ್ತು ಬಿಟ್ಟಿದ್ದೇವೆಂದು ತನಗೆ ತಾನೇ ಒಪ್ಪಿಕೊಳ್ಳದಿರುವುದು. ಮುಂದೆ 2019ರಲ್ಲಿ ಅಮೆರಿಕದ ಒಂದು ಶಿಶು ಘಟಕದಲ್ಲೇ ನಡೆದ ಅಧ್ಯಯನದಲ್ಲಿ, ನರ್ಸಿನ ಪಾಲಿಗೆ ಎಷ್ಟು ಕೂಸುಗಳಿವೆ ಎಂಬ ಎಣಿಕೆಗಿಂತ, ‘ಇಂದು ನನ್ನ ಮೇಲೆ ಎಷ್ಟು ಹೊರೆ ಇದೆ’ ಎಂದು ಆಕೆಗೆ ಅನ್ನಿಸಿದ್ದೇ ಬಿಟ್ಟುಹೋದ ಆರೈಕೆಯೊಂದಿಗೆ ಹೆಚ್ಚು ತಾಳೆಯಾಯಿತು. ಆಡಳಿತದವರು ತಲೆ ಎಣಿಸಿದರಷ್ಟೇ ಸಾಲದು, ಆಕೆಯನ್ನು ಕೇಳಲೂ ಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ಆ ರಾತ್ರಿ ಮೂರು ಗಂಟೆಗೆ ಮಗ್ಗುಲು ಬದಲಿಸದ ಕೂಸಿನ ವಿಷಯದಲ್ಲಿ ಆ ನರ್ಸ್ ಪಾಪ ಮಾಡಿದಳೇ?

ಸಮಾರಿಯದವನ ಸಾಮತಿ ಇಲ್ಲಿ ಕೂಡಲೇ ನೆನಪಾಗುತ್ತದೆ. ಯಾಜಕನೂ ಲೇವಿಯನೂ ಕಂಡು ಕಾಣದಂತೆ ಹಾದುಹೋದರು. ಅವರದು ನಿಸ್ಸಂದೇಹವಾಗಿ ಕರ್ತವ್ಯಲೋಪ. ಆದರೆ ಈ ನರ್ಸ್ ಹಾದುಹೋದವಳಲ್ಲ. ಜೆರಿಕೋ ದಾರಿಯಲ್ಲಿ ಒಬ್ಬನ ಬದಲು ಎಂಟು ಮಂದಿ ಗಾಯಾಳುಗಳು ಬಿದ್ದಿದ್ದು, ಸಮಾರಿಯದವನ ಬಳಿ ಇದ್ದದ್ದು ಒಂದೇ ಕತ್ತೆ ಎಂದು ಊಹಿಸಿಕೊಳ್ಳಿ. ಆಕೆ ನಿಂತಿರುವುದು ಅಲ್ಲಿ.

ಸಂತ ಥಾಮಸ್ ಅಕ್ವಿನಾಸರು ಲೋಪದ ಪಾಪವನ್ನು ಕುರಿತು ಬರೆಯುವಾಗ ಇದನ್ನು ಬಿಡಿಸಿ ಹೇಳಿದ್ದಾರೆ. ಅಸಾಧ್ಯವಾದುದಕ್ಕೆ ಯಾರೂ ಬದ್ಧರಲ್ಲ. ಸಾಲ ತೀರಿಸಲು ಕೈಯಲ್ಲಿ ಏನೂ ಇಲ್ಲದವನು, ತನ್ನಿಂದ ಆದಷ್ಟನ್ನು ಮಾಡಿದರೆ, ಲೋಪದ ದೋಷಿಯಲ್ಲ. ಅದೇ ಜಾಗದಲ್ಲಿ ಅವರು ಇನ್ನೊಂದು ಉದಾಹರಣೆಯನ್ನೂ ಕೊಡುತ್ತಾರೆ. ಮಠದ ನಸುಕಿನ ಪ್ರಾರ್ಥನೆಗೆ ಏಳಬೇಕಾದವನು ಹಿಂದಿನ ಸಂಜೆ ಮಿತಿಮೀರಿ ಕುಡಿದು ಮಲಗುತ್ತಾನೆ. ಪ್ರಾರ್ಥನೆ ತಪ್ಪುವುದು ಬೆಳಿಗ್ಗೆ, ಅದರ ಕಾರಣ ಹಿಂದಿನ ಸಂಜೆಯದು.

ನನಗೆ ಈ ಎರಡನೆಯ ಉದಾಹರಣೆಯೇ ಹೆಚ್ಚು ಮುಖ್ಯವೆಂದು ತೋರುತ್ತದೆ. ರಾತ್ರಿ ಮೂರರ ಲೋಪಕ್ಕೂ ಒಂದು ‘ಹಿಂದಿನ ಸಂಜೆ’ ಇದೆ. ಅದು ಸಭಾಕೊಠಡಿಯಲ್ಲಿ, ಚಹಾ ಬಿಸ್ಕತ್ತಿನ ಜೊತೆಗೆ ನಡೆದಿರುತ್ತದೆ. ಹೊಸ ಯಂತ್ರಕ್ಕೆ ಹಣ ಮಂಜೂರಾಗಿ, ಖಾಲಿ ಬಿದ್ದ ನರ್ಸ್ ಹುದ್ದೆ ಮುಂದಿನ ವರ್ಷಕ್ಕೆ ಹೋಗಿರುತ್ತದೆ. ಅಂದು ಸಹಿ ಮಾಡಿದವರು ಯಾವ ಕೂಸನ್ನೂ ಮರೆಯಲಿಲ್ಲ, ಏಕೆಂದರೆ ಅವರ ಮುಂದೆ ಕೂಸೇ ಇರಲಿಲ್ಲ. ಅವರು ನೆಮ್ಮದಿಯಿಂದ ನಿದ್ರಿಸುತ್ತಾರೆ, ನರ್ಸ್ ಪಾಪನಿವೇದನೆಗೆ ಹೋಗುತ್ತಾಳೆ. ಸರ್ಕಾರದವರನ್ನು ಬೈದು ಸುಮ್ಮನಾಗುವಂತೆಯೂ ಇಲ್ಲ. ಧರ್ಮಸಭೆಯ ಆಸ್ಪತ್ರೆಗಳೂ ಇವೆ, ಅವುಗಳಿಗೂ ಆಡಳಿತ ಮಂಡಳಿಗಳಿವೆ.

ಹಾಗೆಂದು ನರ್ಸಿಗೆ ಆಯ್ಕೆಯೇ ಇಲ್ಲವೆಂದಲ್ಲ. ಕೈ ಸಾಲದಾಗ ಯಾವುದನ್ನು ಮೊದಲು ಮಾಡಬೇಕೆಂದು ಆಕೆ ನಿರ್ಧರಿಸುತ್ತಾಳೆ. ಔಷಧ, ಯಂತ್ರ, ಡ್ರಿಪ್ ಮುಂದೆ ಬರುತ್ತವೆ; ಎತ್ತಿಕೊಳ್ಳುವುದು, ಸವರುವುದು, ತಾಯಿಯೊಡನೆ ಮಾತು ಹಿಂದೆ ಸರಿಯುತ್ತವೆ. ಇದು ಸಹಜ. ಆದರೆ ಹಿಂದೆ ಸರಿದದ್ದು ಬರೀ ಮಮತೆಯ ವಿಷಯವೆಂದು ತಿಳಿದರೆ ಮೋಸಹೋಗುತ್ತೇವೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದಾಗ, ವೈದ್ಯ ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಅದೇ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ಹುಟ್ಟಿದ ಕೂಡಲೇ ತಾಯಿಯ ಎದೆಗೆ ಸೇರಿಸಿದ ಕಡಿಮೆ ತೂಕದ ಶಿಶುಗಳಲ್ಲಿ ಸತ್ತವು ನೂರಕ್ಕೆ 12. ಸ್ಥಿತಿ ಸುಧಾರಿಸಿದ ಮೇಲೆ ಸೇರಿಸಿದವುಗಳಲ್ಲಿ ಸುಮಾರು 16. ಪಟ್ಟಿಯ ಕೊನೆಯಲ್ಲಿದ್ದ ಅಪ್ಪುಗೆ ಜೀವ ಉಳಿಸುವ ಚಿಕಿತ್ಸೆಯೇ ಆಗಿತ್ತು!

ಅದಕ್ಕಾಗಿ ಬಾಗಿಲಾಚೆ ನಿಲ್ಲಿಸಿದ ತಾಯಿಯನ್ನು ಒಳಗೆ ಕರೆದು, ಮಂಚ ಕೊಡಬೇಕು. ಆದರೆ ಬಾಣಂತಿಯನ್ನು ಸಂಬಳವಿಲ್ಲದ ನರ್ಸ್ ಮಾಡಿಕೊಂಡು, ಇನ್ನು ಹುದ್ದೆ ತುಂಬುವುದು ಬೇಡವೆಂದು ಲೆಕ್ಕ ಹಾಕುವ ಜಾಣರೂ ಇರಬಹುದು. ಡ್ರಿಪ್ಪಿನ ಜಾಗ ಊದಿದ್ದನ್ನು ಗುರುತಿಸುವುದು ಹೊಲಿಗೆ ಮಾಯದ ಹೆಂಗಸಿನ ಹೊಣೆಯಲ್ಲ.

ನರ್ಸಿನ ಆತ್ಮಸಾಕ್ಷಿಗೆ ನಿಜವಾದ ಪರೀಕ್ಷೆ ಬರುವುದು ಚಾರ್ಟಿನ ಮುಂದೆ ಎಂದು ನನ್ನ ಅಭಿಪ್ರಾಯ. ಮೂರು ಗಂಟೆಯ ಚೌಕ ಖಾಲಿ ಇದೆ. ಒಂದು ಗುರುತು ಹಾಕಿಬಿಟ್ಟರೆ ಬೆಳಿಗ್ಗೆ ಯಾರೂ ಕೇಳುವುದಿಲ್ಲ. ಮಾಡಲಾಗದ್ದು ಪಾಪವಲ್ಲ, ಮಾಡಿದೆನೆಂದು ಬರೆದರೆ ಅದು ಸುಳ್ಳು, ಮತ್ತು ಆ ಸುಳ್ಳು ಕೂಸಿಗೆ ಎರಡು ಸಲ ಕೇಡು ಮಾಡುತ್ತದೆ. ಮುಂದಿನ ಪಾಳಿಯವರು ಆ ಕೂಸನ್ನು ಮೊದಲು ನೋಡುವುದಿಲ್ಲ. ಆಡಳಿತ ಮಂಡಳಿಯ ಕೈಗೆ ಹೋಗುವ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ನಡೆದಿರುತ್ತದೆ, ಖಾಲಿ ಹುದ್ದೆಯಿಂದ ಏನೂ ತೊಂದರೆಯಾಗಿಲ್ಲವೆಂದು ಸಾಬೀತಾಗುತ್ತದೆ.

ಆದರೆ ಖಾಲಿ ಚೌಕವನ್ನು ಖಾಲಿಯಾಗಿಯೇ ಬಿಡುವ ಧೈರ್ಯವನ್ನು ಆಕೆಯೊಬ್ಬಳಿಂದ ಬೇಡುವುದು ನ್ಯಾಯವಲ್ಲ. ಖಾಲಿ ಕಂಡ ಕೂಡಲೇ ಮೆಮೊ ಕೊಡುವ ಮೇಲಧಿಕಾರಿ ಇರುವಲ್ಲಿ ಎಲ್ಲ ಚೌಕಗಳೂ ತುಂಬಿಯೇ ಇರುತ್ತವೆ. ಪಾಳಿ ಒಪ್ಪಿಸುವಾಗ “ನಾಲ್ಕನೆಯ ಮಗುವಿನ ಮಗ್ಗುಲು ಬದಲಿಸಲು ಆಗಲಿಲ್ಲ, ಸಿಸ್ಟರ್” ಎಂದು ಆಕೆ ಹೇಳಿದಾಗ, ಎದುರಿನವರು “ಏಕೆ ಬಿಟ್ಟೆ?” ಎಂದು ಗದರುತ್ತಾರೋ, “ಸರಿ, ಮೊದಲು ಅಲ್ಲಿಗೇ ಹೋಗುತ್ತೇನೆ. ನಿನ್ನೆ ರಾತ್ರಿ ಎಷ್ಟು ಜನ ಇದ್ದಿರಿ?” ಎಂದು ಕೇಳುತ್ತಾರೋ ಎಂಬುದರ ಮೇಲೆ ಆಕೆ ನಾಳೆ ಏನು ಬರೆಯುತ್ತಾಳೆಂಬುದು ನಿಂತಿದೆ.