ಅರಿಯದ ಊರಿನಲ್ಲಿ ಸೇವೆ

ಸೇವೆಯ ಸಂಕಲ್ಪದಿಂದ ಅರಿಯದ ಊರಿಗೆ ಹೋದವನು ಮೊದಲು ಕೊಡಲು ತೊಡಗಬೇಕೆ, ಕಲಿಯಲು ತೊಡಗಬೇಕೆ? ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇದರಲ್ಲಿಯೇ ಅಡಗಿದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಿಗೆ ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಹೊರಡುವುದು ಹೊಸದಲ್ಲ. ವಿದ್ಯೆ ಮುಗಿಸಿದ ತರುಣರು ಕೆಲವು ವಾರಗಳ ಸ್ವಯಂಸೇವೆಗೆಂದು ಪರದೇಶಕ್ಕೆ ಹೋಗುವ ಕಾಲವೂ ಈಗ ಬಂದಿದೆ. ಅಂತಹ ಒಬ್ಬನು ಕಾಂಬೋಡಿಯ ದೇಶದ ಸಿಯೆಮ್ ರೀಪ್ ನಗರದಲ್ಲಿ ಇಳಿದನೆನ್ನಿ. ಅಲ್ಲಿಯ ಭಾಷೆ ಬಾರದು. ಬೀದಿಯ ಫಲಕಗಳ ಲಿಪಿ ತಿಳಿಯದು. ಜೋಳದ ರೊಟ್ಟಿಯುಂಡು ಬೆಳೆದವನಿಗೆ ಅಲ್ಲಿ ಹೊತ್ತುಹೊತ್ತಿಗೂ ಅನ್ನ. ಮೀನಿನ ರಸ ಸೇರದ ಪಲ್ಯವನ್ನು ಕೇಳಿ ಪಡೆಯುವುದೇ ಒಂದು ಸಾಹಸ. ಸಂತೆಯಲ್ಲಿ ಕುಳಿತ ಮುದುಕಿಯೊಬ್ಬಳು ಅವನ ಕೈಸನ್ನೆಯನ್ನು ಅರಿತು, ಬಾಳೆಹಣ್ಣು ಕೊಟ್ಟು, ಉಳಿದ ಹಣವನ್ನು ಎಣಿಸಿ ಅಂಗೈಯಲ್ಲಿಟ್ಟಳಾದರೆ, ಆ ದಿನ ಸೇವೆ ಮಾಡಿದವರಾರು, ಮಾಡಿಸಿಕೊಂಡವರಾರು?

ನಗರದ ಹೊರಗೆ ಅಂಗ್ಕೋರದ ಗುಡಿಗಳಿವೆ. 967ರ ಬಾಂತೇ ಸ್ರೇ ಶಿವಾಲಯವನ್ನೂ, ಕಬಾಲ್ ಸ್ಪಿಯನ್ ಎಂಬಲ್ಲಿ ಹೊಳೆಯ ತಳದ ಬಂಡೆಯಲ್ಲಿ ಕಡೆದ ಲಿಂಗಗಳ ಸಾಲನ್ನೂ ಕಂಡು ಇಷ್ಟಲಿಂಗಧಾರಿಯ ಮನಸ್ಸು ಹಿಗ್ಗುವುದು ಸಹಜ. ಆದರೆ ಕಲ್ಲನ್ನು ಕಂಡು ನಮಿಸಿದ ಕಣ್ಣು ಆ ಕಲ್ಲಿನ ನೆರಳಲ್ಲಿ ಬದುಕುವ ಜನರನ್ನೂ ಕಾಣಬೇಕು. ನಮ್ಮಲ್ಲಿ ಶರಣರು ಬಾಳಿದ ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಅಲ್ಲಿಯ ದೊರೆ ಏಳನೆಯ ಜಯವರ್ಮನ ರಾಜ್ಯದಲ್ಲಿ 102 ಆರೋಗ್ಯಶಾಲೆಗಳಿದ್ದುವೆಂದು 1186ರ ತಾ ಪ್ರೋಮ್ ಶಾಸನವು ಹೇಳುತ್ತದೆ. 1975ರಿಂದ 1979ರವರೆಗಿನ ಕ್ರೂರ ಆಡಳಿತದಲ್ಲಿ ಆ ದೇಶದ ಸುಮಾರು 15ರಿಂದ 20 ಲಕ್ಷ ಜನ ಮಡಿದರು. ಗುರುಗಳೂ ವೈದ್ಯರೂ ಅವರಲ್ಲಿ ಸೇರಿದ್ದರು. ಅಲ್ಲಿ ಕೊರತೆಯುಂಟು, ನಿಜ. ಆದರೆ ಕೊರತೆಯುಳ್ಳವರು ಏನೂ ಅರಿಯದವರಲ್ಲ.

ಇದನ್ನು ಮರೆತ ಕರುಣೆಯು ಯಾವ ಫಲ ಕೊಡುತ್ತದೆ? ಆ ದೇಶದಲ್ಲಿ 2005ರಲ್ಲಿ 154 ಇದ್ದ ಅನಾಥಾಲಯಗಳು 2010ಕ್ಕೆ 269 ಆದುವು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದರೆಂಬುದು 2011ರ ಅಧ್ಯಯನದಿಂದ ಹೊರಬಿತ್ತು. ಪರದೇಶದ ಸಂದರ್ಶಕರ ಹಣ ಹರಿದು ಬಂದಂತೆ, ಬಡವರ ಮಕ್ಕಳು ಮನೆಯಿಂದ ದೂರವಾಗಿ ಆ ಹಣವಿದ್ದಲ್ಲಿಗೆ ಸೇರಿದರು. ಕೊಡುವವನ ಕಣ್ಣೀರು ಸುಳ್ಳಲ್ಲ. ಆದರೂ ತಾಯಿಯ ಮಡಿಲು ಬರಿದಾಯಿತು.

ಭಾವ ಶುದ್ಧವಾಗಿದ್ದರೆ ಸಾಲದೆ, ಫಲವು ಶಿವನಿಗೆ ಸೇರಿದ್ದಲ್ಲವೆ ಎಂದು ಕೆಲವರು ಕೇಳಬಹುದು. ಭಾವಶುದ್ಧಿ ಬೇಕು, ಆದರೆ ಅದಷ್ಟೇ ಸಾಲದು. ದಾನಿಯು ತನ್ನ ಪುಣ್ಯದ ಲೆಕ್ಕ ನೋಡಿಕೊಳ್ಳುತ್ತಾನೆ. ದಾಸೋಹಿಯು ಎದುರಿಗೆ ಕುಳಿತವನ ಎಡೆಯನ್ನು ನೋಡುತ್ತಾನೆ. ತಾನು ದಾಸನೆಂದು ಒಪ್ಪಿದವನು ಒಡೆಯನ ಇಚ್ಛೆಯನ್ನು ಕೇಳದೆ ಕೆಲಸಕ್ಕೆ ಕೈಹಾಕುವನೆ?

ಕಲ್ಯಾಣಕ್ಕೂ ಹೊರನಾಡಿನವರು ಬಂದರು. ಕಾಶ್ಮೀರದ ಅರಸನಾಗಿದ್ದ ಮಾರಯ್ಯನು ಮಡದಿ ಮಹಾದೇವಿಯೊಡನೆ ಬಂದು ಕಟ್ಟಿಗೆಯ ಹೊರೆ ಹೊತ್ತು ಮಾರಿ ಬದುಕಿ, ಮೋಳಿಗೆಯ ಮಾರಯ್ಯನೆನಿಸಿದನೆಂದು ಪರಂಪರೆ ಹೇಳುತ್ತದೆ. ಆತನು ಅರಸುತನದ ಬೊಕ್ಕಸದಿಂದ ಊರನ್ನು ಉದ್ಧರಿಸಹೋಗಲಿಲ್ಲ. ಕಾಡಿನ ದಾರಿ ಕಲಿತನು, ಕಾಯಕದಿಂದ ಅಂಬಲಿ ಕಾಯಿಸಿದನು, ಅದನ್ನು ಜಂಗಮರಿಗೆ ನೀಡಿ ಉಂಡನು. ಬಸವಣ್ಣನವರು ಮರೆಯಲ್ಲಿ ಇಟ್ಟುಹೋದ ಹೊನ್ನನ್ನೂ ಆತನು ತನಗೆ ಉಳಿಸಿಕೊಳ್ಳಲಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಬಂದ ಆಯ್ದಕ್ಕಿ ಮಾರಯ್ಯನು ಒಂದು ದಿನ ಮಿಗಿಲಾಗಿ ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳುಹಿಸಿದಳು. ಅಳತೆ ಮೀರಿದ ಒಳಿತು ಕೂಡ ದಾಸೋಹವನ್ನು ಕೆಡಿಸುತ್ತದೆಂಬುದನ್ನು ಆಕೆ ಅರಿತಿದ್ದಳು.

ಹತ್ತಿರದ ನಿದರ್ಶನವೂ ಉಂಟು. 1886ರಲ್ಲಿ ಬನವಾಸಿಯಲ್ಲಿ ಜನಿಸಿ, 1913ರಲ್ಲಿ ದಾವಣಗೆರೆಯಲ್ಲಿ ಬಸವಜಯಂತಿಯ ಸಾರ್ವಜನಿಕ ಆಚರಣೆಗೆ ಮೊದಲಿಟ್ಟ ಹರ್ಡೇಕರ ಮಂಜಪ್ಪನವರು ಆಗಿನ ಬಾಗೇವಾಡಿ ತಾಲೂಕಿನ ಆಲಮಟ್ಟಿಗೆ ಬಂದದ್ದು ಪರಸ್ಥಳದವರಾಗಿಯೇ. ಅವರು ನೋಡಿ ಹೋಗಲು ಬಂದವರಲ್ಲ. ಕೃಷ್ಣೆಯ ದಡದಲ್ಲಿ ವಿದ್ಯಾಲಯ ಕಟ್ಟಿ, 1947ರಲ್ಲಿ ಲಿಂಗೈಕ್ಯರಾಗುವವರೆಗೆ ಆ ನೆಲದವರಾಗಿ ಉಳಿದರು. ನಾಲ್ಕು ವಾರಕ್ಕೆ ಹೋದವನಿಗೆ ಅಷ್ಟು ಸಾಧ್ಯವಿಲ್ಲ. ಆದರೆ ತಾನು ಹೊರಟುಹೋದ ಮರುದಿನ ಅಲ್ಲಿಯವರ ಬಾಳು ಏನಾಗುವುದೆಂದು ಅವನು ಯೋಚಿಸಬಲ್ಲನು.

ಬರ ಬಿದ್ದ ವರುಷ ಪರದೇಶದವನೊಬ್ಬನು ಸಿಂದಗಿಯ ಓಣಿಗೆ ಬಂದು, ಯಾರ ಹೆಸರನ್ನೂ ಕೇಳದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆದು, ಮಿಠಾಯಿ ಹಂಚಿ ಹೋದರೆ ಮನೆಯ ಹಿರಿಯರಿಗೆ ಹೇಗಾದೀತು? ಆ ನೋವನ್ನು ಊಹಿಸಬಲ್ಲವರು ತಮ್ಮ ಮಗನನ್ನೋ ಮಗಳನ್ನೋ ಹೊರನಾಡಿಗೆ ಕಳುಹಿಸುವಾಗ ಬುತ್ತಿಯೊಡನೆ ಒಂದು ಮಾತನ್ನೂ ಕಟ್ಟಿ ಕಳುಹಿಸಬೇಕು: ಮೊದಲ ವಾರ ಆ ಊರಿನ ಹತ್ತು ಮಾತು ಕಲಿ, ಉಂಡ ತಟ್ಟೆಯನ್ನು ನೀನೇ ತೊಳೆ, ಏನು ಬೇಕೆಂದು ಅವರನ್ನೇ ಕೇಳು; ಬೇಡವೆಂದರೆ ಸುಮ್ಮನಿರು. ಹೀಗೆ ಕಳೆದ ದಿನಗಳನ್ನು ವ್ಯರ್ಥವೆಂದು ಯಾರೂ ಬಗೆಯಬಾರದು. ಕಾಯಕವು ಅಲ್ಲಿಂದಲೇ ಮೊದಲಾಗುತ್ತದೆ.