ಹುಟ್ಟಿನ ಸುಳ್ಳು ಯಾರ ಸುಳ್ಳು?

ಸುಳ್ಳು ಹೇಳಬಾರದೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಸುಳ್ಳು ಹೇಳದೆ ಒಳಗೆ ಕಾಲಿಡಲಾಗದಂತಹ ಬಾಗಿಲನ್ನು ಸಮಾಜವೇ ಕಟ್ಟಿ ನಿಲ್ಲಿಸಿದ್ದರೆ ಆ ಸುಳ್ಳಿನ ಹೊಣೆ ಯಾರದು? ನಾನ್ನೂರು ವರ್ಷ ಹಳೆಯದಾದ ಒಂದು ಸ್ಪ್ಯಾನಿಷ್ ಹಾಸ್ಯ ನಾಟಕ ನಮ್ಮನ್ನು ನಗಿಸುತ್ತಲೇ ಈ ಪ್ರಶ್ನೆ ಕೇಳುತ್ತದೆ.

ನಾಟಕದ ಹೆಸರು 'ತೋಟಗಾರನ ನಾಯಿ'. ಬರೆದವನು ಲೋಪೆ ದೆ ವೇಗಾ (1562–1635). ಇದು ಅಚ್ಚಾದದ್ದು 1618ರಲ್ಲಿ. ತೋಟದ ನಾಯಿ ತಾನೂ ತಿನ್ನದು, ಇತರರನ್ನೂ ತಿನ್ನಬಿಡದು ಎಂಬ ಸ್ಪೇನಿನ ಗಾದೆಯೇ ಈ ಹೆಸರಿನ ಮೂಲ. ರಷ್ಯನ್ ಅನುವಾದದಲ್ಲಿ ಅದು ಹುಲ್ಲಿನ ಮೇಲಿನ ನಾಯಿಯಾಯಿತು, ಇಂಗ್ಲಿಷ್‌ನಲ್ಲಿ ಗೋದಲಿಯ ನಾಯಿಯಾಯಿತು. ತೋಟ ಹೋಗಿ ಕೊಟ್ಟಿಗೆ ಬಂದರೂ ನಾಯಿಯ ಸ್ವಭಾವ ಮಾತ್ರ ಬದಲಾಗಲಿಲ್ಲ.

ನೇಪಲ್ಸ್ ನಗರದ ಶ್ರೀಮಂತ ಒಡತಿ ಡಯಾನಾ ತನ್ನ ಕಾರ್ಯದರ್ಶಿ ತೆಯೊದೊರೊನನ್ನು ಪ್ರೀತಿಸುತ್ತಾಳೆ. ಅವನು ಕುಲೀನನಲ್ಲವಾದ್ದರಿಂದ ಮದುವೆಯಾಗಲಾರಳು. ಅವನು ಒಲಿದಿದ್ದ ದಾಸಿ ಮರ್ಸೆಲಾಳಿಗೆ ಬಿಟ್ಟುಕೊಡಲೂ ಒಲ್ಲಳು. ಕೊನೆಗೆ ಸೇವಕ ತ್ರಿಸ್ತಾನ್ ಒಂದು ಉಪಾಯ ಹೂಡುತ್ತಾನೆ. ಲುದೊವಿಕೊ ಎಂಬ ವೃದ್ಧ ಶ್ರೀಮಂತನ ಮಗ ಇಪ್ಪತ್ತು ವರ್ಷಗಳ ಹಿಂದೆ ಕಳೆದುಹೋಗಿದ್ದಾನೆ. ತ್ರಿಸ್ತಾನ್ ವ್ಯಾಪಾರಿಯ ವೇಷದಲ್ಲಿ ಹೋಗಿ, ತೆಯೊದೊರೊನೇ ಆ ಮಗ ಎಂದು ನಂಬಿಸುತ್ತಾನೆ. ಒಂದೇ ದಿನದಲ್ಲಿ ನೌಕರ ಕುಲೀನನಾಗುತ್ತಾನೆ. ಅವನ ಬುದ್ಧಿ, ನಡತೆ, ಮುಖ ಯಾವುದೂ ಬದಲಾಗಿಲ್ಲ. ಬದಲಾದದ್ದು ಜನ ಅವನಿಗೆ ಬಾಗುವ ರೀತಿ ಮಾತ್ರ.

ಆ ಕಾಲದ ಸ್ಪೇನಿನಲ್ಲಿ ಇದು ಬರೀ ನಗುವಿನ ವಿಷಯವಾಗಿರಲಿಲ್ಲ. 1449ರಲ್ಲಿ ತೊಲೆದೊ ನಗರದಲ್ಲಿ ಆರಂಭವಾದ 'ರಕ್ತಶುದ್ಧಿ'ಯ ನಿಯಮಗಳು ಮುಂದೆ ದೇಶದಲ್ಲಿ ಹಬ್ಬಿದವು. ಪೂರ್ವಜರಲ್ಲಿ ಯಹೂದಿಯೋ ಮುಸ್ಲಿಮನೋ ಇದ್ದರೆ ಅನೇಕ ಹುದ್ದೆಗಳ ಬಾಗಿಲು ಮುಚ್ಚುತ್ತಿತ್ತು. 1609ರಿಂದ 1614ರ ನಡುವೆ ಮೊರಿಸ್ಕೊಗಳನ್ನು, ಅಂದರೆ ಕ್ರೈಸ್ತರಾಗಿ ಮತಾಂತರಗೊಂಡಿದ್ದ ಮುಸ್ಲಿಮರ ಸಂತತಿಯವರನ್ನು, ಸುಮಾರು ಮೂರು ಲಕ್ಷ ಜನರನ್ನು, ದೇಶದಿಂದ ಹೊರಗಟ್ಟಲಾಯಿತು. ಈ ನಾಟಕ ಹುಟ್ಟಿದ್ದೂ ಸುಮಾರಾಗಿ ಅದೇ ಕಾಲದಲ್ಲಿ. ವಂಶಾವಳಿಯೇ ಬದುಕನ್ನು ನಿರ್ಧರಿಸುವ ಕಡೆ ಸುಳ್ಳು ವಂಶಾವಳಿಗಳು ಹುಟ್ಟದಿರುತ್ತವೆಯೇ? ಹುಟ್ಟಿದವು. ಸ್ವತಃ ಲೋಪೆ ಕಸೂತಿ ಕೆಲಸಗಾರನ ಮಗ. ತನ್ನ ಪುಸ್ತಕವೊಂದರಲ್ಲಿ ಹತ್ತೊಂಬತ್ತು ಗೋಪುರಗಳ ಕುಲಲಾಂಛನ ಅಚ್ಚು ಹಾಕಿಸಿಕೊಂಡು ಕವಿ ಗೊಂಗೊರಾನ ಗೇಲಿಗೆ ಗುರಿಯಾದವನು. ಸೆಸಾದ ಡ್ಯೂಕನಿಗೆ ಕಾರ್ಯದರ್ಶಿಯಾಗಿ ಪ್ರೇಮಪತ್ರಗಳನ್ನೂ ಬರೆದುಕೊಟ್ಟವನು. ತೆಯೊದೊರೊನ ಸಂಕಟ ಅವನಿಗೆ ಹೊರಗಿನದಾಗಿರಲಿಲ್ಲ.

ನಾಟಕ ಮುಂದೆ ಬೇರೆ ಬೇರೆ ನಾಡುಗಳಿಗೆ ಹೋಯಿತು. ದಾಂತೆಯನ್ನು ರಷ್ಯನ್ನಿಗೆ ತಂದ ಮಿಖಾಯಿಲ್ ಲೊಜಿನ್ಸ್ಕಿಯೇ ಇದನ್ನೂ ಅನುವಾದಿಸಿದರು. ಅದನ್ನು ಆಧರಿಸಿ ಯಾನ್ ಫ್ರಿದ್ 1977ರಲ್ಲಿ ಮಾಡಿದ ಹಾಡುಗಳ ಚಿತ್ರ ಸೋವಿಯತ್ ಮನೆಮನೆಗಳಲ್ಲಿ ಪ್ರಿಯವಾಯಿತು. ಕುಲೀನರನ್ನು ಕಾನೂನಿನಿಂದಲೇ ಇಲ್ಲವಾಗಿಸಿದ್ದ ದೇಶ ಕುಲೀನತೆಯ ಈ ಕಥೆಗೆ ಮನಸೋತಿತು! ಸ್ಪೇನಿನಲ್ಲಿ ಪಿಲಾರ್ ಮಿರೊ 1996ರಲ್ಲಿ ಪದ್ಯವನ್ನು ಪದ್ಯವಾಗಿಯೇ ಉಳಿಸಿ ಚಿತ್ರ ಮಾಡಿದರು. ಅದಕ್ಕೆ ಏಳು ಗೋಯಾ ಪ್ರಶಸ್ತಿಗಳು ಬಂದವು. 2004ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಡೇವಿಡ್ ಜಾನ್‌ಸ್ಟನ್ ಅವರ ಇಂಗ್ಲಿಷ್ ಅನುವಾದವನ್ನು ರಂಗಕ್ಕೆ ತಂದಿತು.

ಭಾಷೆ ಬದಲಾದರೂ ಪ್ರೇಕ್ಷಕರು ತೆಯೊದೊರೊನ ಪಕ್ಷವನ್ನೇ ವಹಿಸುತ್ತಾರೆ, ನಾವೂ ಸಹ. ಹುಟ್ಟಿನ ಹೆಮ್ಮೆಯೇ ದೊಡ್ಡ ಸುಳ್ಳಾಗಿರುವಾಗ ಅದರ ಎದುರು ಹೇಳಿದ ಚಿಕ್ಕ ಸುಳ್ಳು ನಮಗೆ ನ್ಯಾಯವೆನಿಸುತ್ತದೆ. ಆದರೆ ಇಲ್ಲಿ ಕೊಂಚ ನಿಲ್ಲಬೇಕು. ಈ ಸುಳ್ಳು ಬಿದ್ದದ್ದು ಯಾರ ಮೇಲೆ? ವ್ಯವಸ್ಥೆಯ ಮೇಲಲ್ಲ, ಮಗನಿಗಾಗಿ ಇಪ್ಪತ್ತು ವರ್ಷ ಕಾದ ಒಬ್ಬ ತಂದೆಯ ಮೇಲೆ. ಅವನು ಅಪರಿಚಿತನನ್ನು ಅಪ್ಪಿಕೊಂಡು ಆನಂದಪಡುವುದನ್ನು ನೋಡಿ ನಾವು ನಗುತ್ತೇವೆ. ಮರ್ಸೆಲಾಳನ್ನು ಬೇರೊಬ್ಬನಿಗೆ ಕೊಟ್ಟು ಕೈತೊಳೆದುಕೊಳ್ಳಲಾಗುತ್ತದೆ. ಅನ್ಯಾಯದ ವಿರುದ್ಧ ಹೇಳಿದ ಸುಳ್ಳಿನ ಬೆಲೆಯನ್ನೂ ಹಲವು ಸಲ ನಿರಪರಾಧಿಗಳೇ ತೆರುತ್ತಾರೆ.

ಹಾಗಾದರೆ ಅಪರಾಧಿ ತೆಯೊದೊರೊನೇ? ಅವನು ಡಯಾನಾಳ ಮುಂದೆ ನಿಜವನ್ನು ಒಪ್ಪಿಕೊಂಡು ಊರು ಬಿಡಲು ಸಿದ್ಧನಾಗುತ್ತಾನೆ. ಬಾಗಿಲಿನ ಕೀಲಿಕೈ ಇದ್ದದ್ದು ಡಯಾನಾಳ ಬಳಿ. 'ಇವನು ನೌಕರ, ಇವನನ್ನೇ ಮದುವೆಯಾಗುತ್ತೇನೆ' ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಜನ ನಂಬಿದರೆ ಸಾಕು ಎಂದಳು. ಗುಟ್ಟು ಹೊರಬೀಳದಂತೆ ತ್ರಿಸ್ತಾನನನ್ನು ಬಾವಿಗೆ ಹಾಕಿಸುವ ಯೋಚನೆಯನ್ನೂ ಮಾಡಿದಳು. ಸುಳ್ಳು ಮೇಲಿನವರ ಕೈಗೆ ಬಂದಾಗ ಎಷ್ಟು ಬೇಗ ಕ್ರೌರ್ಯದ ಕಡೆ ವಾಲುತ್ತದೆ ನೋಡಿ.

ಬಾಗಿಲು ತಟ್ಟುವವನ ಸುಳ್ಳನ್ನು ನಾವು ತಪ್ಪೆನ್ನಬಹುದು. ಆದರೆ ಬಾಗಿಲನ್ನು ತೆರೆಯಬಲ್ಲವರು ತೆರೆಯದೆ ಇರುವುದು ಅದಕ್ಕಿಂತ ದೊಡ್ಡ ತಪ್ಪು. ನಾಟಕದ ಕೊನೆಯಲ್ಲಿ ತೆಯೊದೊರೊ ಸಭಿಕರ ಕಡೆ ತಿರುಗಿ, ತನ್ನ ಗುಟ್ಟನ್ನು ಯಾರಿಗೂ ಹೇಳಬೇಡಿ ಎಂದು ಬೇಡಿಕೊಳ್ಳುತ್ತಾನೆ. ಸಭೆ ನಕ್ಕು ಒಪ್ಪುತ್ತದೆ. ಹುಟ್ಟು ಕೇಳಿ ಗೌರವ ಕೊಡುವ ರೂಢಿ ನಮ್ಮೊಳಗೆ ಇರುವ ತನಕ ಆ ಗುಟ್ಟಿನಲ್ಲಿ ನಾವೂ ಪಾಲುದಾರರೇ.